ಅಳಲಾರದ ವೀರ: ಅಚಿಬೆಯ ಒಕೊಂಕ್ವೊ

ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯ ಒಕೊಂಕ್ವೊನನ್ನು ವಸಾಹತುಶಾಹಿಯ ಬಲಿಪಶುವೆಂದಷ್ಟೇ ಕಾಣುವ ವಿಮರ್ಶೆ ಅಪೂರ್ಣವಾದುದು. ಬಿಳಿಯರು ಉಮುವೊಫಿಯಕ್ಕೆ ಕಾಲಿಡುವ ಮೊದಲೇ ಅವನ ಪತನ ಆರಂಭವಾಗಿರುತ್ತದೆ. ಕೊಳಲೂದುತ್ತ, ಸಾಲ ಮಾಡುತ್ತ, ಒಂದು ಬಿರುದನ್ನೂ ಗಳಿಸದೆ ಸತ್ತ ತಂದೆ ಉನೋಕನಂತೆ ತಾನಾಗಬಾರದೆಂಬ ಭಯವೇ ಅವನ ಪೌರುಷದ ಬೇರು. ಇಗ್ಬೊ ಭಾಷೆಯಲ್ಲಿ ಹೆಣ್ಣಿಗೂ ಬಿರುದಿಲ್ಲದ ಗಂಡಿಗೂ ‘ಅಗ್ಬಾಲ’ ಎಂಬ ಒಂದೇ ಪದ ಸಲ್ಲುತ್ತದೆ. ತಂದೆಯನ್ನು ಜೊತೆಯ ಹುಡುಗನೊಬ್ಬ ಹಾಗೆ ಕರೆದದ್ದನ್ನು ಅವನು ಎಂದೂ ಮರೆತಿಲ್ಲ.

ಈ ಭಯದ ನಿಜಸ್ವರೂಪ ಹೊರಬೀಳುವುದು ಇಕೆಮೆಫುನನ ವಧೆಯಲ್ಲಿ. ಮೂರು ವರ್ಷ ಮನೆಯಲ್ಲಿ ಬೆಳೆದು ತನ್ನನ್ನು ತಂದೆಯೆಂದು ಕರೆದ ಹುಡುಗ ಅವನು. ವಧೆ ದೈವವಾಣಿಯ ಆಜ್ಞೆ, ನಿಜ. ಆದರೆ ಅದರಲ್ಲಿ ಕೈಯಿಡಬೇಡವೆಂದು ಹಿರಿಯ ಎಜೆಯುಡು ಎಚ್ಚರಿಸಿದ್ದ. ಗೆಳೆಯ ಒಬಿಯೆರಿಕ ಹೋಗಲೇ ಇಲ್ಲ. ಅವನ ಮಾನವೇನೂ ಕುಂದಲಿಲ್ಲ. ರಕ್ಷಣೆ ಬೇಡಿ ತನ್ನತ್ತಲೇ ಓಡಿಬಂದವನನ್ನು ಒಕೊಂಕ್ವೊ ಕಡಿಯುತ್ತಾನೆ, ದುರ್ಬಲನೆನಿಸಿಕೊಳ್ಳುವ ಅಂಜಿಕೆಯಿಂದ.

ಇಲ್ಲಿ ರನ್ನನ ದುರ್ಯೋಧನ ನೆನಪಾಗುತ್ತಾನೆ. (ಹಳಗನ್ನಡದವರಿಗೆ ನೆನಪಾಗದಿರುವುದೇ ಕಷ್ಟ!) ಅವನದೂ ಛಲವೇ. ಆದರೆ ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಅವನು ಶೋಕಿಸಬಲ್ಲ. ಆ ಶೋಕದಿಂದ ಅವನ ಛಲ ಕುಗ್ಗುವುದಿಲ್ಲ, ಔನ್ನತ್ಯವನ್ನೇ ಪಡೆಯುತ್ತದೆ. ಒಕೊಂಕ್ವೊ ಎರಡು ದಿನ ಆಹಾರ ಮುಟ್ಟದೆ ಹೆಂಡ ಕುಡಿಯುತ್ತಾನೆ. ತನ್ನ ದುಃಖವನ್ನು ಹೆಂಗಸುತನವೆಂದು ತಾನೇ ಹಳಿದುಕೊಳ್ಳುತ್ತಾನೆ. ಮಗ ನ್ವೊಯೆಯ ಒಳಗೆ ಏನೋ ಮುರಿದದ್ದು ಅಂದೇ. ಕ್ರೈಸ್ತಧರ್ಮ ಅವನಿಗೆ ದೊರೆತದ್ದು ಅನಂತರ.

ಕೊನೆಯಲ್ಲಿ ಅವನು ನ್ಯಾಯಾಲಯದ ದೂತನನ್ನು ಕಡಿದಾಗ ಊರು ಬೆಂಬಲಕ್ಕೆ ನಿಲ್ಲಲಿಲ್ಲ. ಆತ್ಮಹತ್ಯೆ ಭೂದೇವಿಗೆ ಬಗೆದ ಅಪಚಾರವಾದ್ದರಿಂದ ನೇಣಿನಲ್ಲಿ ತೂಗುವ ದೇಹವನ್ನು ಕುಲದವರು ಮುಟ್ಟುವಂತಿಲ್ಲ, ಪರಕೀಯರೇ ಇಳಿಸಬೇಕು. ಭೂದೇವಿಗೆ ಹೇಸಿಕೆಯೆನಿಸಿದ ಬಾವಿನ ರೋಗದಿಂದ ಉನೋಕನೂ ದುಷ್ಟಾರಣ್ಯದಲ್ಲಿ ಮಣ್ಣು ಕಾಣದೆ ಸತ್ತಿದ್ದ.