ಪಿಡ್ಡನಾಯಕನ ಚರಿತ್ರವೂ ಅರಮನೆಯ ಲೇಖನಿಯೂ

ಸುರಪುರ ಸಂಸ್ಥಾನದ ಪೂರ್ವಪುರುಷರಲ್ಲಿ ಪ್ರಖ್ಯಾತನಾದ ಪಿಡ್ಡನಾಯಕನ ವೃತ್ತಾಂತವು ನಮಗೆ ವಿಸ್ತಾರವಾಗಿ ದೊರೆಯುವುದು ಅವನ ಎದುರಾಳಿಗಳ ಪಾರಸೀ ಗ್ರಂಥಗಳಲ್ಲಿಯೇ. ಸಾಕೀ ಮುಸ್ತಇದ್ ಖಾನನು ೧೭೧೦ರಲ್ಲಿ ಮುಗಿಸಿದ ‘ಮಆಸಿರ್-ಇ-ಆಲಂಗೀರೀ’ಯು ಇವುಗಳಲ್ಲಿ ಮುಖ್ಯವಾದುದು. ಜದುನಾಥ ಸರ್ಕಾರರು ಔರಂಗಜೇಬನ ಚರಿತ್ರೆಯನ್ನು ಬರೆಯುವಾಗ ಇಂತಹ ಗ್ರಂಥಗಳನ್ನೇ ಆಧಾರವಾಗಿಟ್ಟುಕೊಂಡರು. ಇವುಗಳಲ್ಲಿ ನಾಯಕನು ನಿಂದಾವಾಚಕವಿಲ್ಲದೆ ಕಾಣಿಸಿಕೊಳ್ಳುವುದು ಅಪೂರ್ವ. ಹೀಗಿರಲು ಅವನನ್ನು ದರೋಡೆಗಾರನೆಂದೋ ಕೂಲಿಯ ದಂಡಿನ ಒಡೆಯನೆಂದೋ ಕರೆಯುವುದು ಯುಕ್ತವೇ ಎಂಬುದು ವಿಚಾರಣೀಯವಾಗಿದೆ.

ಕೌಟಿಲ್ಯನು ಸೈನ್ಯವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ಬಗೆಯಾಗಿ ವಿಭಾಗಿಸಿ, ಇವುಗಳಲ್ಲಿ ಹಿಂದುಹಿಂದಿನದು ಮುಂದುಮುಂದಿನದಕ್ಕಿಂತ ಶ್ರೇಷ್ಠವೆಂದು ವಿಧಿಸಿದ್ದಾನೆ. ಅರಮನೆಯ ಲೇಖಕನ ದೃಷ್ಟಿಯಲ್ಲಿ ಬೇಡರ ಪಡೆಯು ಕಡೆಯದಾದ ಅಟವೀಬಲ, ಎಂದರೆ ಸುಲಿಗೆಗಾಗಿ ಕೂಡಿದ ಕಾಡಿನ ದಂಡು. ಆದರೆ ಘಟನೆಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ಪಿಡ್ಡನಾಯಕನ ಹಿರಿಯನಾದ ಸಗರದ ಪಾಮನಾಯಕನು ೧೬೮೦ರಲ್ಲಿ ಗೋಗಿಯ ಬಳಿ ಮೊಗಲ ಸೇನಾನಿ ದಿಲೇರಖಾನನನ್ನು ಸೋಲಿಸಿದನು. ೧೬೮೫ರ ಮುತ್ತಿಗೆಯಲ್ಲಿ ವಿಜಾಪುರಕ್ಕೆ ಕಾಲಾಳುಗಳನ್ನು ಕಳುಹಿಸಿದನು. ಅಲ್ಲಿ ಬೇಡರದು ಮಿತ್ರಬಲ. ೧೬೮೯ರಲ್ಲಿ ಪಿಡ್ಡನಾಯಕನು ರಾಯಚೂರಿನ ಮುತ್ತಿಗೆಯಲ್ಲಿ ಮೊಗಲರಿಗೇ ನೆರವಾದನು. ಅಲ್ಲಿ ಅದೇ ಜನರು ಭೃತಬಲ. ೧೭೦೫ರಲ್ಲಿ ವಾಗಣಗೇರಿಯ ಕೋಟೆಯನ್ನು ಕಾಯ್ದಾಗ ಅವರು ತಮ್ಮ ನೆಲದ ಮೌಲಬಲ. ಪಡೆಯೊಂದೇ, ಹೆಸರು ಮಾತ್ರ ಸಂಬಂಧಕ್ಕೆ ತಕ್ಕಂತೆ ಮಾರ್ಪಟ್ಟಿತು.

ಮತ್ತೊಂದು ವಿಶೇಷವೂ ಗಮನಾರ್ಹ. ಆ ಮುತ್ತಿಗೆಯಲ್ಲಿ ಧನಾಜಿ ಜಾಧವನೇ ಮೊದಲಾದ ಮರಾಠರು ನಾಯಕನ ಸಹಾಯಕ್ಕೆ ಬಂದರು; ಅವರಿಗೆ ದಿನವಹಿ ಹಣ ಸಲ್ಲುತ್ತಿತ್ತು. ಕೂಲಿಯವನೆನಿಸಿದವನು ಇಲ್ಲಿ ತಾನೇ ಕೂಲಿ ಕೊಡುವ ಪ್ರಭುವಾಗಿದ್ದಾನೆ. ಔರಂಗಜೇಬನ ಕಡೆಯ ಮುತ್ತಿಗೆಯಾದ ಇದು ಫೆಬ್ರವರಿಯಿಂದ ಏಪ್ರಿಲಿನ ಕೊನೆಯವರೆಗೆ ನಡೆಯಿತು. ಕೋಟೆಯು ವಶವಾದರೂ ನಾಯಕನು ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋದನು.

ಯೂರೋಪಿನಲ್ಲಿಯೂ ಇದಕ್ಕೆ ಸಮೀಪದ ನಿದರ್ಶನವುಂಟು. ೧೬೨೫ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡನಿಗಾಗಿ ದಂಡನ್ನು ಕಟ್ಟಿಕೊಟ್ಟ ವಾಲೆನ್‌ಸ್ಟೈನನು ೧೬೩೪ರಲ್ಲಿ ದ್ರೋಹದ ಆರೋಪವನ್ನು ಹೊತ್ತು ಹತನಾದನು. ಅವನ ಚರಿತ್ರವನ್ನು ಬರೆದವರು ಅವನ ಬಳಿಕವೂ ಬದುಕುಳಿದ ವೈರಿಗಳೆಂಬ ಸಂಗತಿಯನ್ನು ಜರ್ಮನಿಯ ಕವಿ ಷಿಲ್ಲರನು ಎತ್ತಿ ತೋರಿಸಿದನು. ಇತಿಹಾಸದಲ್ಲಿಯೂ ನಾಟಕದಲ್ಲಿಯೂ ಆ ವ್ಯಕ್ತಿಯನ್ನು ಹೊಸದಾಗಿ ವಿಮರ್ಶಿಸಿದನು.

ಇದರಿಂದ ‘ಮಆಸಿರ್’ ಗ್ರಂಥವು ತ್ಯಾಜ್ಯವೆಂದು ತಿಳಿಯಲಾಗದು. ವೃದ್ಧನಾದ ಸಾಮ್ರಾಟನೇ ಸ್ವತಃ ಬಂದು ಸುಮಾರು ಮೂರು ತಿಂಗಳು ಈ ಗುಡ್ಡದ ಕೋಟೆಯ ಮುಂದೆ ನಿಲ್ಲಬೇಕಾಯಿತೆಂಬುದನ್ನು ಅದು ಮರೆಮಾಚಿಲ್ಲ. ನಾಯಕನ ಸಾಮರ್ಥ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವು ಬೇಕಾಗಿಲ್ಲ. ಅದರ ದೋಷವಿರುವುದು ಕ್ರಿಯಾಪದಗಳಲ್ಲಲ್ಲ, ವಿಶೇಷಣಗಳಲ್ಲಿ. ಕ್ರಿಯಾಪದಗಳನ್ನು ಪ್ರಮಾಣವಾಗಿ ಸ್ವೀಕರಿಸಿ, ವಿಶೇಷಣಗಳನ್ನು ಪೂರ್ವಪಕ್ಷವಾಗಿ ಪರೀಕ್ಷಿಸುವುದೇ ವಿಮರ್ಶಕನ ಧರ್ಮ. ಸಗರ, ಗೋಗಿ, ವಾಗಣಗೇರಿಗಳು ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲೂಕುಗಳಲ್ಲಿಯೇ ಇವೆ. ಅಲ್ಲಿನ ವಿದ್ಯಾರ್ಥಿಗಳಿಗೆ ತಮ್ಮ ನಾಡಿನ ಪುರುಷನನ್ನು ಪರಪಕ್ಷದ ಬೈಗುಳದಿಂದಲೇ ಪರಿಚಯಿಸುವುದು ಅನ್ಯಾಯ. ಬರಿಯ ಸ್ತುತಿಯಿಂದ ಪರಿಚಯಿಸುವುದೂ ಶಾಸ್ತ್ರವಲ್ಲ. ಉಪಾಧ್ಯಾಯರು ಈ ವಿವೇಕವನ್ನು ಪಾಠಕ್ರಮದಲ್ಲಿ ಅಳವಡಿಸುವರೆಂದು ಆಶಿಸುತ್ತೇವೆ.