ಮರಗಟ್ಟಿದ ಬೆರಳಿಗೂ ಒಗ್ಗುವ ಉಡುಪು

ಬ್ರಿಟನ್ನಿನಲ್ಲಿ ಟ್ರಯಥ್ಲಾನ್ ಋತು ಶುರುವಾಗುವುದು ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ. ಕೆರೆಗಳ ನೀರು ಆಗಿನ್ನೂ ಕೊರೆಯುತ್ತಿರುತ್ತದೆ. ಹಾಗಾಗಿ ಹೊಸಬರ ಸ್ಪರ್ಧೆಗಳು ಎಷ್ಟೋ ಊರುಗಳಲ್ಲಿ ಒಳಾಂಗಣ ಈಜುಕೊಳದಲ್ಲಿ ಆರಂಭವಾಗುತ್ತವೆ. ಸಾಮಾನ್ಯವಾಗಿ 400 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಕೊಳದ ನೀರು ಬೆಚ್ಚಗಿರುತ್ತದೆ, ನಿಜ. ಆದರೆ ಈಜು ಮುಗಿಸಿದವರು ಒದ್ದೆ ಮೈಯಲ್ಲೇ ಬಾಗಿಲು ದಾಟಿ, 10 ಡಿಗ್ರಿಯೂ ಇಲ್ಲದ ಬೆಳಗಿನ ಗಾಳಿಯಲ್ಲಿ ಸೈಕಲ್ ಹತ್ತಬೇಕು. ಇಂಥ ದಿನ ಏನು ತೊಡಬೇಕೆಂದು ಮೊದಲ ಸಲ ಇಳಿಯುವವರು ಕೇಳಿದರೆ ಹಳಬರಿಂದ ಸಿದ್ಧ ಉತ್ತರವೊಂದು ಬರುತ್ತದೆ: ಟ್ರೈಸೂಟ್ ಒಂದು ಸಾಕು, ಶುರುವಿನಿಂದ ಕೊನೆಯವರೆಗೂ ಅದರಲ್ಲೇ ಇರಿ, ನಾಲ್ಕು ಸಲ ಪೆಡಲ್ ತುಳಿದರೆ ಮೈ ತಾನೇ ಬಿಸಿಯಾಗುತ್ತದೆ.

ಈ ಸಲಹೆ ಹೊಸಬರಿಗೆ ಹೊಂದುವುದಿಲ್ಲ ಎನ್ನುವುದು ನನ್ನ ವಾದ. ಟ್ರೈಸೂಟ್ ಒಳ್ಳೆಯ ಉಡುಪೇ. ತೆಳ್ಳಗಿದೆ, ಮೈಗೆ ಅಂಟಿಕೊಂಡು ನಿಲ್ಲುತ್ತದೆ, ಬೇಗ ಒಣಗುತ್ತದೆ. ಸೈಕಲ್ ಚಡ್ಡಿಯ ದಪ್ಪ ಪ್ಯಾಡಿನ ಬದಲು ಇದರಲ್ಲಿ ತೆಳು ಪ್ಯಾಡ್ ಇರುವುದರಿಂದ ಓಡುವಾಗ ತೊಡೆಗೆ ತೊಡಕಾಗುವುದಿಲ್ಲ. ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ ಸಮುದ್ರವೇ ಬೆಚ್ಚಗಿರುತ್ತದೆ, ತಣ್ಣೀರಿಗೆಂದು ತೊಡುವ ವೆಟ್‌ಸೂಟಿನ ಮಾತೇ ಬರುವುದಿಲ್ಲ. ಅಲ್ಲಿ ಇಳಿಯುವ ಬೆಂಗಳೂರಿನವರಿಗೆ ಟ್ರೈಸೂಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಗಾಳಿಯನ್ನು ತಡೆಯುವ ಗುಣ ಅದಕ್ಕೆ ಇಲ್ಲ. 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಒಣ ಚರ್ಮಕ್ಕೇ ಅದು ಸುಮಾರು 7 ಡಿಗ್ರಿಯಷ್ಟು ಚಳಿಯೆನಿಸುತ್ತದೆ. ಮೈ ಒದ್ದೆಯಾಗಿದ್ದರೆ ಬಟ್ಟೆಯ ನೀರು ಆವಿಯಾಗುತ್ತ ಮೈಯ ಶಾಖವನ್ನು ಹೀರಿಕೊಳ್ಳುವುದರಿಂದ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಈ ಸಲಹೆ ಒಪ್ಪುವುದು ಕಡಿಮೆ ದೂರದ ವೃತ್ತಿಪರ ಸ್ಪರ್ಧೆಗೆ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಗುಂಪಾಗಿ ಸೈಕಲ್ ತುಳಿಯಲು ಅನುಮತಿ ಇದೆ. ಈಜಿನಿಂದ ಎದ್ದು ಸೈಕಲ್ ಹತ್ತುವ ಟ್ರಾನ್ಸಿಷನ್‌ನಲ್ಲಿ ಹತ್ತು ಸೆಕೆಂಡು ಕಳೆದುಕೊಂಡರೆ ಗುಂಪು ಕೈತಪ್ಪುತ್ತದೆ, ಗುಂಪು ತಪ್ಪಿದರೆ ಸ್ಪರ್ಧೆಯೇ ಕೈಬಿಟ್ಟಂತೆ. ಜಾಕೆಟ್ ತೊಡದೆ ಓಡಲು ಅವರಿಗೆ ಬಲವಾದ ಕಾರಣವಿದೆ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಹಾಗೆ ಬೆನ್ನು ಹಿಡಿದು ತುಳಿಯುವುದಕ್ಕೆ ಸಾಮಾನ್ಯವಾಗಿ ಅನುಮತಿಯೇ ಇಲ್ಲ, ಆದ್ದರಿಂದ ಆ ಕಾರಣವೂ ಇಲ್ಲ. ಇನ್ನೊಂದು ವ್ಯತ್ಯಾಸ ಮೈಯೊಳಗಿನದು. ಪಳಗಿದವರ ಸ್ನಾಯುಗಳು ಹೆಚ್ಚು ಶಾಖ ಹುಟ್ಟಿಸುತ್ತವೆ, 20 ಕಿಲೋಮೀಟರ್ ಅವರಿಗೆ ಅರ್ಧ ಗಂಟೆಯ ಕೆಲಸ. ಹೊಸಬರು ಅದೇ ದಾರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇರುತ್ತಾರೆ. ಹುಟ್ಟುವ ಶಾಖ ಕಡಿಮೆ, ಚಳಿಗೆ ಒಡ್ಡಿಕೊಳ್ಳುವ ಹೊತ್ತು ಹೆಚ್ಚು. ಬಲ್ಲವರಿಗಿಂತ ಹೆಚ್ಚು ಬಟ್ಟೆ ಬೇಕಾದವರಿಗೆ ಬಲ್ಲವರ ಬಟ್ಟೆಯನ್ನೇ ತೊಡಿಸಿ ಕಳಿಸುವುದು ನನಗೆ ನಿಜಕ್ಕೂ ಅನ್ಯಾಯವೆನಿಸುತ್ತದೆ.

ತುಳಿದರೆ ಬಿಸಿಯಾಗುತ್ತದೆ ಎಂಬುದು ಎದೆ, ತೊಡೆಗಳ ಮಟ್ಟಿಗೆ ನಿಜ. ಬೆರಳುಗಳ ಕಥೆ ಬೇರೆ. ಚಳಿ ತಾಗಿದೊಡನೆ ದೇಹ ಒಳಗಿನ ಅಂಗಗಳನ್ನು ಕಾಪಾಡಲು ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ತೊಡೆಯಲ್ಲಿ ಹುಟ್ಟಿದ ಶಾಖ ಬೆರಳ ತುದಿಗೆ ತಲುಪಲು ಬಹಳ ಹೊತ್ತು ಬೇಕು. ಇತ್ತ ಈ ಆಟದಲ್ಲಿ ಸುರಕ್ಷತೆಯೆಲ್ಲ ಬೆರಳುಗಳ ಮೇಲೆಯೇ ನಿಂತಿದೆ. ಹೆಲ್ಮೆಟ್ಟಿನ ಕ್ಲಿಪ್ ಹಾಕದೆ ಸೈಕಲನ್ನು ಸ್ಟ್ಯಾಂಡಿನಿಂದ ತೆಗೆಯುವಂತಿಲ್ಲ. ಅದು ನಿಯಮ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕು, ಏರಿನಲ್ಲಿ ಗೇರ್ ಬದಲಿಸಬೇಕು. ಬೆರಳು ಜೋಮು ಹಿಡಿದಿದ್ದರೆ ಇವೆಲ್ಲ ಅಪಾಯಕ್ಕೆ ದಾರಿ. ಹಾಗಾಗಿ ಪ್ರತಿಯೊಂದು ಉಡುಪಿಗೂ ನಾನು ಇಟ್ಟುಕೊಂಡಿರುವ ಒರೆಗಲ್ಲು ಇಷ್ಟೇ: ಮೈ ಒದ್ದೆಯಿದ್ದು ಬೆರಳು ಮರಗಟ್ಟಿರುವಾಗ ಇದನ್ನು ಹಾಕಿಕೊಳ್ಳಲು ಆಗುತ್ತದೆಯೇ? ಮನೆಯಲ್ಲೇ ಪರೀಕ್ಷೆ ಸಾಧ್ಯ. ಐಸ್ ಹಾಕಿದ ಬಕೆಟ್ಟಿನ ನೀರಿನಲ್ಲಿ ಒಂದೆರಡು ನಿಮಿಷ ಕೈಯಿಟ್ಟು ತೆಗೆದು ಕ್ಲಿಪ್ ಹಾಕಿ, ಜಿಪ್ ಎಳೆದು ನೋಡಬಹುದು.

ಈ ಒರೆಗಲ್ಲಿಗೆ ಹಚ್ಚಿದರೆ ಬೆಲೆಬಾಳುವ ಎಷ್ಟೋ ವಸ್ತುಗಳು ಸೋಲುತ್ತವೆ. ಆರ್ಮ್ ವಾರ್ಮರ್ ಒಣ ತೋಳಿಗೆ ಚೆನ್ನ, ಒದ್ದೆ ತೋಳಿನಲ್ಲಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಮೊದಲೇ ಸಿಂಬೆಯಂತೆ ಸುರುಳಿ ಸುತ್ತಿಟ್ಟರೆ ಸ್ವಲ್ಪ ಸಲೀಸು. ಒಳಗೆ ಮೆತ್ತನೆಯ ಅಸ್ತರಿರುವ ದಪ್ಪ ಗ್ಲೌಸ್ ಅಂಗಡಿಯಲ್ಲಿ ಬೆಚ್ಚಗೆನಿಸಿದರೂ ಒದ್ದೆ ಬೆರಳು ಅದರ ಅಸ್ತರಿಗೆ ಸಿಕ್ಕಿಕೊಳ್ಳುತ್ತದೆ. ಹಿಗ್ಗುವ ಸಾದಾ ಉಣ್ಣೆಯ ಗ್ಲೌಸ್ ಅದಕ್ಕಿಂತ ಮೇಲು. ಉಣ್ಣೆ ಒದ್ದೆಯಾದರೂ ಒಂದಿಷ್ಟು ಶಾಖ ಉಳಿಸಿಕೊಳ್ಳುತ್ತದೆ. ಹತ್ತಿಗೆ ಆ ಗುಣವಿಲ್ಲ. ನೀರು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ, ಹಾಗಾಗಿ ಹತ್ತಿಯ ಟೀಶರ್ಟನ್ನು ಸ್ಪರ್ಧೆಯ ಹೊತ್ತಿಗೆ ಪಕ್ಕಕ್ಕಿಡಬೇಕು. ಗೆಲ್ಲುವುದು ತೋಳಿಲ್ಲದ ವಿಂಡ್‌ಚೀಟರ್, ಸೈಕಲ್ ಸವಾರರು ಜಿಲೆ ಎನ್ನುವುದು. ಮುಂಭಾಗ ಗಾಳಿಯನ್ನು ತಡೆಯುತ್ತದೆ, ಬೆನ್ನಿನ ಕಡೆ ಜಾಲರಿ ಇರುವುದರಿಂದ ಬೆವರು ಕಟ್ಟುವುದಿಲ್ಲ. ತೋಳೇ ಇಲ್ಲದ್ದರಿಂದ ಒದ್ದೆ ಕೈ ಎಲ್ಲೂ ಸಿಕ್ಕುವುದಿಲ್ಲ. ಜಿಪ್ಪಿನ ತುದಿಗೆ ಒಂದು ದಾರದ ಕುಣಿಕೆ ಕಟ್ಟಿಕೊಂಡರೆ ಮುಷ್ಟಿಯಲ್ಲೇ ಎಳೆದುಕೊಳ್ಳಬಹುದು. ಹಿಂದೆ ಟೂರ್ ದ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ಸುದ್ದಿಪತ್ರಿಕೆ ಇಸಿದುಕೊಂಡು ಎದೆಗೆ ತುರುಕಿಕೊಂಡು ಇಳಿಯುತ್ತಿದ್ದರು. ಜಿಲೆ ಮಾಡುವುದು ಆ ಕೆಲಸವನ್ನೇ. ಅದನ್ನು ಹಾಕುವ ಮೊದಲು ಟವೆಲಿನಿಂದ ಎದೆ, ಕೈ ಒರೆಸಿಕೊಳ್ಳಲು ಅರ್ಧ ನಿಮಿಷ ಕೊಟ್ಟರೆ ಮುಂದಿನ ಒಂದು ಗಂಟೆ ಹಗುರಾಗುತ್ತದೆ.

ಈಜು ತಣ್ಣನೆಯ ಕೆರೆಯಲ್ಲೋ ಸಮುದ್ರದಲ್ಲೋ ಇದ್ದರೆ ವೆಟ್‌ಸೂಟ್ ಬೇಕೇ ಬೇಕು. ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ 1500 ಮೀಟರ್‌ವರೆಗಿನ ಈಜಿನಲ್ಲಿ ನೀರು 15.9 ಡಿಗ್ರಿಗಿಂತ ತಣ್ಣಗಿದ್ದರೆ ಹವ್ಯಾಸಿಗಳಿಗೆ ಅದು ಕಡ್ಡಾಯ, 22 ಡಿಗ್ರಿ ದಾಟಿದರೆ ನಿಷಿದ್ಧ, ದಪ್ಪ 5 ಮಿಲಿಮೀಟರ್ ಮೀರುವಂತಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಒಯ್ಯುತ್ತದೆ. ತಣ್ಣೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಮೇಲೆಳೆದುಕೊಳ್ಳುತ್ತದೆ, ಹತೋಟಿಗೆ ಸಿಗುವುದಿಲ್ಲ. ಒಳ್ಳೆಯ ವೆಟ್‌ಸೂಟ್ ಕೂಡ ಅದನ್ನು ಪೂರ್ತಿ ತಡೆಯಲಾರದು. ಆರಂಭಕ್ಕೆ ಮೊದಲು ಮುಖ, ಕತ್ತಿಗೆ ನೀರು ಎರಚಿಕೊಂಡು ಮೆಲ್ಲನೆ ಇಳಿಯುವುದೇ ಮದ್ದು. ಸ್ಪರ್ಧೆಯ ಟೋಪಿಯ ಕೆಳಗೆ ನಿಯೋಪ್ರೀನ್ ಟೋಪಿ, ಕಿವಿಗೆ ಬಿರಡೆ ಇರಲಿ. ತಣ್ಣೀರು ಕಿವಿಯೊಳಗೆ ಹೊಕ್ಕರೆ ತಲೆ ಸುತ್ತುತ್ತದೆ. ಟ್ರೈಸೂಟನ್ನು ವೆಟ್‌ಸೂಟಿನ ಒಳಗೆ ಹಾಕಿಕೊಳ್ಳುವುದು ಸರಿ, ಆರ್ಮ್ ವಾರ್ಮರನ್ನೂ ಒಳಗೇ ಹಾಕಿಕೊಳ್ಳುವವರು ಸೈಕಲ್ ಮೇಲೆ ತಂಪು ಹೊತ್ತು ಹೋಗುತ್ತಾರೆ.

ಬಟ್ಟೆ ಬದಲಿಸಲು ನಿಲ್ಲುವುದು ನಾಚಿಕೆಯೆಂದು ಅಳುಕುವವರು ನಾರ್ವೆಯ ನಾರ್ಸ್‌ಮನ್ ಕಡೆ ನೋಡಬೇಕು. 2003ರಿಂದ ನಡೆಯುತ್ತಿರುವ ಈ ಸ್ಪರ್ಧೆಯಲ್ಲಿ ಬೆಳಗಿನ ಜಾವ ಫೆರ್ರಿ ಹಡಗಿನಿಂದ ಹಾರ್ಡಾಂಗರ್ ಫ್ಯೋರ್ಡಿಗೆ ಹಾರಿ 3.8 ಕಿಲೋಮೀಟರ್ ಈಜುತ್ತಾರೆ. ಐಡ್‌ಫ್ಯೋರ್ಡಿನಲ್ಲಿ ದಡ ಸೇರಿದವರು ಅಲ್ಲಿಂದ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಗೆ ಸೈಕಲ್ ಹತ್ತಿಸಬೇಕು. ಪ್ರತಿ ಸ್ಪರ್ಧಿಗೂ ಸಹಾಯಕ ತಂಡ ಇರಲೇಬೇಕೆಂಬುದು ಅಲ್ಲಿನ ನಿಯಮ. ಮೈ ಒರೆಸಿ, ಬೆಚ್ಚನೆ ಬಟ್ಟೆ ಕೊಟ್ಟು ಕಳಿಸುವುದು ಅವರ ಕೆಲಸಗಳಲ್ಲೊಂದು. ಜಗತ್ತಿನ ಅತಿ ಕಠಿಣ ಸ್ಪರ್ಧೆಗಳಲ್ಲೊಂದೆಂದು ಹೆಸರಾದ ಇಲ್ಲಿಯೂ ಬಟ್ಟೆ ತೊಡುವುದಕ್ಕೆ ಸಮಯ ಕೊಡುತ್ತಾರೆ.

ಓಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಳಿ ಇಳಿಯುತ್ತದೆ, ಮೈ ಬಿಸಿಯೇರುತ್ತದೆ. ಜಿಲೆಯ ಜಿಪ್ ಬಿಚ್ಚಿಕೊಂಡು, ಗ್ಲೌಸ್ ಹಾಗೇ ಇಟ್ಟುಕೊಂಡು ಓಡಿದರಾಯಿತು. ಪಾದಗಳಿಗೆ ಸ್ಪರ್ಶ ಮರಳಲು ಒಂದೆರಡು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಹೆಜ್ಜೆ ನೋಡಿಕೊಂಡು ಇಡುವುದು ಕ್ಷೇಮ.

ಸಿದ್ಧ ಸಲಹೆಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಮುಗಿತಾಯದ ಗೆರೆಯ ಆಚೆಗಿನದು. ಅಷ್ಟು ಹೊತ್ತು ಶಾಖ ಕೊಡುತ್ತಿದ್ದ ಸ್ನಾಯುಗಳು ನಿಂತೊಡನೆ ಬೆವರಿನಿಂದ ನೆನೆದ ಟ್ರೈಸೂಟ್ ಮೈಯನ್ನು ತಣಿಸಲು ತೊಡಗುತ್ತದೆ. ಸ್ಪರ್ಧೆ ಮುಗಿದ ಮೇಲೆ ನಡುಗುವವರು ಕಡಿಮೆಯಿಲ್ಲ. ಆದ್ದರಿಂದ ಒಣ ಒಳಉಡುಪು, ಉಣ್ಣೆಯ ಟೋಪಿ, ದಪ್ಪ ಸ್ವೆಟರ್, ಮೊಣಕಾಲು ಮುಚ್ಚುವ ಸಡಿಲ ನಿಲುವಂಗಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ ಇವಿಷ್ಟನ್ನೂ ಬೇರೆ ಚೀಲದಲ್ಲಿ ಹಾಕಿ ಜೊತೆಗೆ ಬಂದವರ ಕೈಗೆ ಕೊಟ್ಟಿರಬೇಕು. ಪದಕ, ಫೋಟೋ ಎಲ್ಲ ಆಮೇಲೆ. ಮೊದಲು ಒದ್ದೆ ಬಟ್ಟೆ ಬಿಚ್ಚಬೇಕು.