ಜೂಲ್ಸ್ ವರ್ನ್‌ನ ಸ್ಕ್ವಿಡ್ ಮತ್ತು ಮುಗಿಯುತ್ತಿದ್ದ ಗಾಳಿ

ಕಡಲ ರಾಕ್ಷಸ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಚಿತ್ರ ಬಹುಮಟ್ಟಿಗೆ ಜೂಲ್ಸ್ ವರ್ನ್ ಕೊಟ್ಟದ್ದು. ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ 1869–70ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. 1954ರ ಡಿಸ್ನಿ ಸಿನಿಮಾ ಅದರ ಸ್ಕ್ವಿಡ್ ಕಾಳಗವನ್ನು ಬಿರುಗಾಳಿಯ ರಾತ್ರಿಗೆ ತಂದು ನಿಲ್ಲಿಸಿತು. ಆಮೇಲಂತೂ ಕಾದಂಬರಿ ಎಂದರೆ ಆ ದೃಶ್ಯವೇ ಎಂಬಂತಾಯಿತು. ಬಾಲ್ಯದಲ್ಲಿ ನಾನು ಓದಿದ ಸಂಕ್ಷಿಪ್ತ ಪ್ರತಿಯಲ್ಲಿ ಸ್ಕ್ವಿಡ್‌ಗೆ ಇಡೀ ಪುಟದ ಚಿತ್ರವಿತ್ತು. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ನೌಕೆ ಸಿಕ್ಕಿಬೀಳುವ ಪ್ರಸಂಗ ಅರ್ಧ ಪುಟದಲ್ಲಿ ಮುಗಿದುಹೋಗಿತ್ತು. ಈಚೆಗೆ ಪೂರ್ತಿ ಕಾದಂಬರಿ ಓದಿದೆ. ಹೆಸರಾದ ಅಧ್ಯಾಯವೇ ಅದರಲ್ಲಿ ಬಡಕಲು, ಮಂಜುಗಡ್ಡೆಯ ಪುಟಗಳೇ ಶಿಖರ ಎನ್ನುವುದರಲ್ಲಿ ನನಗೀಗ ಅನುಮಾನವಿಲ್ಲ.

ಸ್ಕ್ವಿಡ್ ಅಧ್ಯಾಯದಲ್ಲಿ, ಬಹಾಮಾಸ್ ಬಳಿ, ಕತೆಯ ಜಲಾಂತರ್ಗಾಮಿ ನಾಟಿಲಸ್‌ನ ಕಿಟಕಿಯಾಚೆ ಪ್ರಾಣಿ ಕಾಣಿಸಿಕೊಳ್ಳುತ್ತದೆ. 8 ಮೀಟರ್ ಉದ್ದ, 20ರಿಂದ 25 ಸಾವಿರ ಕಿಲೋ ತೂಕ, ಗಿಳಿಕೊಕ್ಕಿನಂಥ ಬಾಯಿ, ಎಂಟು ಕೈ. ಅಂಥವು ಹಿಂಡಾಗಿ ಬರುತ್ತವೆ. ಕೊಡಲಿ ಹಿಡಿದು ಹೊರಬಿದ್ದ ನಾವಿಕರು ಒಂದರ ಏಳು ಕೈಗಳನ್ನು ಕಡಿದರೂ ಎಂಟನೆಯದು ಒಬ್ಬನನ್ನು ಎತ್ತಿಕೊಂಡು ಶಾಯಿಯ ಮೋಡದಲ್ಲಿ ಮಾಯವಾಗುತ್ತದೆ. ಕೊಕ್ಕು, ಶಾಯಿ, ಬಣ್ಣ ಬದಲಿಸುವ ಚರ್ಮ ಇವೆಲ್ಲ ಸರಿಯಾಗಿವೆ. ಕೈಗಳ ಲೆಕ್ಕ ತಪ್ಪಿದೆ. ಮಲ್ಪೆಯ ಕಡೆಯವರು ಇದನ್ನು ಪುಸ್ತಕವಿಲ್ಲದೆಯೇ ಹೇಳಬಲ್ಲರು, ಏಕೆಂದರೆ ಅವರು ತಿನ್ನುವ ಬೊಂಡಾಸ್ ಇದೇ ಬಳಗದ್ದು. ತಲೆ ಹಿಡಿದು ಎಳೆದರೆ ಒಳಗಿನದೆಲ್ಲ ಕಳಚಿ ಬರುತ್ತದೆ. ಬೆನ್ನಿನೊಳಗಿಂದ ಪ್ಲಾಸ್ಟಿಕ್ ಸೀಳಿನಂಥ ಪಾರದರ್ಶಕ ಕಡ್ಡಿ ಜಾರುತ್ತದೆ. ಕೈಗಳ ಬುಡ ಒತ್ತಿದರೆ ಪುಟ್ಟ ಕಪ್ಪು ಕೊಕ್ಕು ಹೊರಗೆ ಬರುತ್ತದೆ. ಎಂಟು ಗಿಡ್ಡ ಕೈ, ಬೇಟೆ ಹಿಡಿಯಲು ಎರಡು ಉದ್ದದ್ದು. ದೈತ್ಯ ಸ್ಕ್ವಿಡ್‌ಗೂ ಹೀಗೆಯೇ. ಆ ಎರಡನ್ನೂ ಸೇರಿಸಿದರೆ ಅದು 12 ಮೀಟರ್ ಮುಟ್ಟಬಹುದು, ಆದರೆ ತೂಕ ಕೆಲವು ನೂರು ಕಿಲೋ ಮಾತ್ರ.

ಲೆಕ್ಕದ ತಪ್ಪನ್ನು ಮನ್ನಿಸಬಹುದು. ಸ್ವಭಾವದ ತಪ್ಪು ದೊಡ್ಡದು. ವರ್ನ್ ನೆಚ್ಚಿಕೊಂಡದ್ದು 1861ರಲ್ಲಿ ಟೆನೆರೀಫ್ ದ್ವೀಪದ ಬಳಿ ಅಲೆಕ್ಟನ್ ಎಂಬ ಫ್ರೆಂಚ್ ಹಡಗಿಗೆ ಎದುರಾದ ಸ್ಕ್ವಿಡ್ಡನ್ನು. ಕಾದಂಬರಿಯಲ್ಲೂ ಅದರ ಪ್ರಸ್ತಾಪವಿದೆ. ಆ ದಿನ ದಾಳಿ ಮಾಡಿದವರು ಮನುಷ್ಯರು. ಗುಂಡು ಹಾರಿಸಿದರು, ಈಟಿ ಎಸೆದರು, ಹಗ್ಗದ ಕುಣಿಕೆ ಬಿಗಿದು ಎಳೆದರು. ಬಾಲದ ತುಂಡಷ್ಟೇ ಕೈಗೆ ಬಂತು. ಈ ಪ್ರಾಣಿಯ ಮಾಂಸದಲ್ಲಿ ಕಡಲ ನೀರಿಗಿಂತ ಹಗುರವಾದ ಅಮೋನಿಯಂ ದ್ರಾವಣ ತುಂಬಿರುತ್ತದೆ. ಹಾಗಾಗಿ ನೂರಾರು ಮೀಟರ್ ಆಳದಲ್ಲಿ ಬದುಕುವ ಅದು ಸಾಯುವಾಗ, ಸತ್ತಾಗ ಮೇಲಕ್ಕೆ ತೇಲಿ ಬರುತ್ತದೆ. ನಾರ್ವೆಯ ಕಡಲ ರಾಕ್ಷಸ ಕ್ರಾಕನ್‌ನ ಕತೆಯ ಹಿಂದೆ ಇರುವುದು ಹೀಗೆ ತೇಲಿ ಬಂದ ರೋಗಿಗಳು, ಹೆಣಗಳು ಎಂದೇ ನನ್ನ ಎಣಿಕೆ. ಬದುಕಿರುವ ದೈತ್ಯ ಸ್ಕ್ವಿಡ್ಡನ್ನು ಅದರ ಆಳದಲ್ಲೇ ಮೊದಲು ಚಿತ್ರಿಸಿದವರು ಜಪಾನಿನ ತ್ಸುನೆಮಿ ಕುಬೊಡೆರ, 2004ರಲ್ಲಿ, ಒಗಸವಾರ ದ್ವೀಪಗಳ ಬಳಿ 900 ಮೀಟರ್ ಕೆಳಗೆ. ಗಾಳಕ್ಕೆ ಸಿಕ್ಕಿದ ಅದು ನಾಲ್ಕು ಗಂಟೆಗೂ ಹೆಚ್ಚು ಒದ್ದಾಡಿ, ಒಂದು ಉದ್ದ ಕೈಯನ್ನೇ ಬಿಟ್ಟುಕೊಟ್ಟು ಪಾರಾಯಿತು. ಆ ಚಿತ್ರಗಳಲ್ಲಿ ನಾನು ಕಂಡದ್ದು ರಾಕ್ಷಸನನ್ನಲ್ಲ, ಬಿಡಿಸಿಕೊಳ್ಳಲು ಹೆಣಗುವ ಜೀವವನ್ನು.

ಮಂಜುಗಡ್ಡೆಯ ಅಧ್ಯಾಯದಲ್ಲಿ ಶತ್ರುವೇ ಇಲ್ಲ. ಉರುಳಿದ ಹಿಮರಾಶಿ ನಾಟಿಲಸ್‌ನ ಸುತ್ತ ಗೋಡೆಯಾಗುತ್ತದೆ. ತಳದಲ್ಲಿ ಹತ್ತು ಮೀಟರ್ ಗಡ್ಡೆ ಅಗೆಯಬೇಕು. ಸರದಿಯಲ್ಲಿ ಜನ ಮುಳುಗುಡುಪು ತೊಟ್ಟು ಹೊರಗೆ ಅಗೆಯುತ್ತಿದ್ದರೆ ಪಕ್ಕದ ನೀರು ಮತ್ತೆ ಹೆಪ್ಪುಗಟ್ಟುತ್ತ ಬರುತ್ತದೆ. ಕುದಿನೀರು ಹಾಯಿಸಿ ಅದನ್ನು ತಡೆಯುತ್ತಾರೆ. ಒಳಗೆ ಗಾಳಿ ಕೆಡುತ್ತಿದೆ. ಹೊರಗೆ ಅಗೆಯುವವನ ಬೆನ್ನಿನ ಪೆಟ್ಟಿಗೆಯಲ್ಲಿ ಮಾತ್ರ ಒಳ್ಳೆಯ ಗಾಳಿ. ಆದರೂ ಸರದಿ ಮುಗಿದವನು ಒಂದು ನಿಮಿಷವೂ ತಡಮಾಡದೆ ಅದನ್ನು ಮುಂದಿನವನಿಗೆ ಒಪ್ಪಿಸಿ, ಉಸಿರು ಕಟ್ಟುವ ಒಳಗಡೆಗೆ ಮರಳುತ್ತಾನೆ. ಕೊನೆಗೆ ಕುಸಿದುಬಿದ್ದ ನಿರೂಪಕ ಪ್ರೊಫೆಸರ್ ಅರೊನಾಕ್ಸ್‌ಗೆ ಸೇವಕ ಕೊನ್ಸೆಯ್ ಮತ್ತು ಈಟಿಗಾರ ನೆಡ್ ಲ್ಯಾಂಡ್ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಚೂರು ಗಾಳಿಯನ್ನು ಕೊಡುತ್ತಾರೆ. ಓದುತ್ತ ನಾನೇ ಉಸಿರು ಬಿಗಿಹಿಡಿದಿದ್ದೆ. ಸ್ಕ್ವಿಡ್ ಪುಟಗಳು ನನ್ನನ್ನು ಹಾಗೆ ಹಿಡಿಯಲಿಲ್ಲ.

ನೀರಿನ ಒತ್ತಡವೂ ಹೀಗೆ ಶತ್ರುವಿಲ್ಲದ ಅಪಾಯವೇ. ಅದನ್ನು ಮಾತ್ರ ವರ್ನ್ ತೀರಾ ಹಗುರವಾಗಿ ತೆಗೆದುಕೊಂಡ. ಅವನ ನಾಟಿಲಸ್ 16,000 ಮೀಟರ್ ಇಳಿದು ಕ್ಷೇಮವಾಗಿ ಮೇಲೆ ಬರುತ್ತದೆ. ಭೂಮಿಯ ಅತ್ಯಂತ ಆಳದ ಕಡಲೇ ಸುಮಾರು 11,000 ಮೀಟರ್. ಟೈಟಾನಿಕ್ ಬಿದ್ದಿರುವ 3,800 ಮೀಟರ್‌ನಲ್ಲೇ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಮುನ್ನೂರು ಕಿಲೋಗೂ ಹೆಚ್ಚು ಭಾರ ಒತ್ತುತ್ತದೆ. 2023ರ ಜೂನ್‌ನಲ್ಲಿ ಅಲ್ಲಿಗೆ ಹೊರಟ ಟೈಟನ್ ನೌಕೆ ದಾರಿಯಲ್ಲೇ ನುಜ್ಜುಗುಜ್ಜಾಗಿ ಐದು ಜನ ಸತ್ತರು. ಯಾವ ಪ್ರಾಣಿಯೂ ಅದನ್ನು ಮುಟ್ಟಿರಲಿಲ್ಲ.

ಮಕ್ಕಳಿಗೆ ಈ ಕಾದಂಬರಿ ಕೊಡುವವರು ದಯವಿಟ್ಟು ಮಂಜುಗಡ್ಡೆಯ ಅಧ್ಯಾಯ ಪೂರ್ತಿ ಇರುವ ಪ್ರತಿಯನ್ನೇ ಹುಡುಕಿ ಕೊಡಿ. ಸ್ಕ್ವಿಡ್ ಕಾಳಗ ಓದಿ ಮುಗಿಸಿದ ದಿನ, ಅನುಕೂಲವಿದ್ದರೆ, ಮೀನಿನ ಅಂಗಡಿಯಲ್ಲಿ ಕತ್ತರಿಸದ ಒಂದು ಬೊಂಡಾಸ್ ತೋರಿಸಿ, ಕೈಗಳನ್ನು ಅವರೇ ಎಣಿಸಲಿ.